ಹರಿದ ಕಿವಿ ಮತ್ತು ಜೊತೆಗಿರುವವರ ಹೆಸರು

ಹೊಲಿಗೆಯಲ್ಲಿ ಕೀವಾಗಬಹುದಿತ್ತು. ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ ನಿಲ್ಲಬಹುದಿತ್ತು. ಅರಿವಳಿಕೆ ಕಿವಿಯನ್ನು ಬಿಟ್ಟು ನಾಲಿಗೆಗೆ ಹತ್ತಬಹುದಿತ್ತು. ನನ್ನನ್ನು ಬಲ್ಲವರು ಅದನ್ನು ಅನಾಹುತವೆಂದು ಕರೆಯಲಾರರು. ಕತ್ತರಿ ಹಿಡಿದ ಹೊತ್ತಿಗೇ ವೈದ್ಯರಿಗೆ ಸೀನು ಬರಬಹುದಿತ್ತು. ವೈದ್ಯರು ವೈದ್ಯರೇ ಅಲ್ಲದಿರಬಹುದಿತ್ತು. ಇಷ್ಟನ್ನೂ ನಾನು ಮುಂಚಿನ ಮೂರು ತಿಂಗಳಲ್ಲೇ ಅನುಭವಿಸಿ ಮುಗಿಸಿದ್ದೆ. ಒಂದೂ ಆಗಲಿಲ್ಲ.

ಆಗಬೇಕಿದ್ದ ಕೆಲಸ ಇಷ್ಟೇ: ಹರಿದ ಕಿವಿಹಾಲೆಗಳ ದುರಸ್ತಿ. ಅಮ್ಮನ ಕೆಂಪಿನ ಓಲೆ ಮೂವತ್ತು ವರ್ಷ ತೂಗಿ ತೂಗಿ ನನ್ನ ಕಿವಿಯ ತೂತು ಅಂಗಿಯ ಕಾಜದಷ್ಟು ಉದ್ದವಾಗಿತ್ತು. ಒಮ್ಮೆ ಇಲ್ಲಿ, ಜರ್ಮನಿಯ ಬಾನ್‌ನ ಟ್ರಾಮಿನಲ್ಲಿ ಓಲೆ ತಿರುಪಿನ ಸಮೇತ ಜಾರಿ, ಪುಣ್ಯಕ್ಕೆ ಶಾಲಿನಲ್ಲಿ ಸಿಕ್ಕಿಕೊಂಡ ಮೇಲೆ ಅದನ್ನು ಡಬ್ಬಿಗೆ ಹಾಕಿಟ್ಟೆ. ಆ ಭಾನುವಾರ ವಿಡಿಯೋ ಕಾಲಿನಲ್ಲಿ ಮೈಸೂರಿನ ಶಾರದಕ್ಕ ನನ್ನ ಮುಖಕ್ಕಿಂತ ಮೊದಲು ಕಿವಿ ನೋಡಿದಳು.

"ಏನೇ ಇದು, ಬೋಳು ಕಿವೀಲಿ ಕೂತಿದೀಯ! ಅಮ್ಮನ ಓಲೆ ಎಲ್ಲೇ?"

"ಡಬ್ಬೀಲಿದೆ ಅಕ್ಕ. ಇಲ್ಲಿ ಆರು ತಿಂಗಳು ಟೋಪಿ. ಯಾರು ನೋಡ್ತಾರೆ?"

"ಯಾಕೆ, ನಾನು ನೋಡ್ತಿಲ್ವಾ?"

ಮರುದಿನವೇ ವೈದ್ಯರನ್ನು ಹುಡುಕತೊಡಗಿದೆ.

ಮೊದಲು ಹೋದ ಕಡೆ ಬಾಗಿಲಲ್ಲೇ ಆರ್ಕಿಡ್ ಹೂವು, ಸೋಫಾ, ಸುಗಂಧ. ಅಲ್ಲಿನವರು ಕಿವಿಯನ್ನು ಅರೆಕ್ಷಣ ನೋಡಿ, ನನ್ನ ಗಲ್ಲ ಮತ್ತು ಕಣ್ಣಿನ ಕೆಳಗಿನ ಚೀಲಗಳ ಕುರಿತು ಅರ್ಧ ಗಂಟೆ ಕಾಳಜಿ ತೋರಿದರು. ಪಂಕ್ಚರ್ ಹಾಕಿಸಲು ಹೋದವಳಿಗೆ ಹೊಸ ಕಾರು ಕೊಳ್ಳಿ ಎಂದಂತಾಯಿತು. ಮನೆಗೆ ಬಂದು ಓದಿದೆ. ಈ ದೇಶದಲ್ಲಿ 'ಸೌಂದರ್ಯ ಶಸ್ತ್ರಚಿಕಿತ್ಸಕ' ಎಂಬ ಫಲಕವನ್ನು ಆ ವಿದ್ಯೆಯಲ್ಲಿ ವಿಶೇಷ ತರಬೇತಿಯಿಲ್ಲದ ಡಾಕ್ಟರೂ ತೂಗುಹಾಕಬಹುದಂತೆ. 'ಫಾಖ್‌ಆರ್ಟ್ಸ್ಟ್' ಎಂಬ ಪದವಿ ಮಾತ್ರ ವರ್ಷಗಟ್ಟಲೆ ಕಲಿತು ಪರೀಕ್ಷೆ ಪಾಸಾದ ತಜ್ಞರದು. ಸರಿ, ಅಂಥ ಇನ್ನೊಬ್ಬ ವೈದ್ಯರ ಹೆಸರನ್ನು ವೈದ್ಯಮಂಡಳಿಯ ಪಟ್ಟಿಯಲ್ಲಿ ಹುಡುಕಿದೆ. ಸಿಕ್ಕಿತು. ಸ್ಪೆಲಿಂಗ್ ನೋಡಲು ಮತ್ತೆ ಹುಡುಕಿದೆ. ನನಗೆ ಗಂಡು ನೋಡುವಾಗ ಅಪ್ಪ ಇದರ ಕಾಲು ಭಾಗವೂ ವಿಚಾರಿಸಿರಲಿಲ್ಲ. ನಾನಿಲ್ಲಿ ಒಬ್ಬಳೇ ಇರುವುದಕ್ಕೆ ಅದೂ ಒಂದು ಕಾರಣ.

ಈ ಎರಡನೆಯ ವೈದ್ಯರು ನರೆತ ಹುಬ್ಬಿನ, ಅವಸರವಿಲ್ಲದ ಮನುಷ್ಯ. ಇಂಥ ಕಿವಿ ಎಷ್ಟು ಹೊಲಿದಿದ್ದೀರಿ, ಹೊಲಿಗೆ ಬಿಟ್ಟರೆ ಯಾರನ್ನು ಕೇಳಬೇಕು, ನೀವು ರಜೆಯಲ್ಲಿದ್ದರೆ? ನನ್ನ ಚೀಟಿಯ ಪ್ರಶ್ನೆಗಳಿಗೆಲ್ಲ ಉತ್ತರಿಸಿದರು. ನನಗೂ ಸ್ವಲ್ಪ ಗತ್ತು ಇರಲಿ ಎಂದು, ಹರಿದ ಕಿವಿಹಾಲೆ ಕೂಡಿಸುವ ಬಗೆಬಗೆಯ ವಿಧಾನಗಳನ್ನು ನಮ್ಮ ಪ್ರಾಚೀನ ವೈದ್ಯರು ಯಾವಾಗಲೋ ಬರೆದಿಟ್ಟಿದ್ದಾರೆ ಎಂದೆ. "ಗೊತ್ತು, ನಮ್ಮ ಪಾಠ ಶುರುವಾಗುವುದೇ ಅಲ್ಲಿಂದ" ಎಂದರು. ಗತ್ತು ಇಳಿಯಿತು, ನಂಬಿಕೆ ಬಂತು.

ನನ್ನ ಚೀಟಿಯ ಉದ್ದವನ್ನು ಕಂಡು, ಹೊಲಿಗೆಯ ದಿನ ಹೆದರಿಕೆ ತಗ್ಗಿಸುವ ಮಾತ್ರೆಯೊಂದನ್ನು ಕೊಡುತ್ತೇನೆಂದರು. ಮಾತ್ರೆ ತೆಗೆದುಕೊಂಡರೆ ಟ್ಯಾಕ್ಸಿಯಲ್ಲಿ ಹೋಗಬಹುದು, ಆದರೆ ಮನೆಯಲ್ಲಿ ಯಾರಾದರೂ ಜೊತೆಗಿರಲೇಬೇಕು. ಸಹಾಯಕಿ ಫಾರ್ಮು ಕೊಟ್ಟಳು: ಜೊತೆಗಿರುವವರ ಹೆಸರು, ಫೋನ್ ನಂಬರು.

ಮೂರು ತಿಂಗಳಿನಿಂದ ಚಿಂತಿಸಿದವಳು ಈ ಒಂದನ್ನು ಚಿಂತಿಸಿರಲಿಲ್ಲ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ. ಸಂಶೋಧನಾಲಯದ ಸಹೋದ್ಯೋಗಿಗಳೊಂದಿಗೆ ಅಷ್ಟೂ ವರ್ಷದ ಬೆಳಗಿನ 'ಗುಟೆನ್ ಮಾರ್ಗೆನ್' ನಮಸ್ಕಾರವಿದೆ. ಕನ್ನಡದ ಗೆಳತಿಯರೊಂದಿಗೆ ಯುಗಾದಿಯ ವಾಟ್ಸಾಪ್ ಇದೆ. ಎದುರು ಮನೆಯ ಅಜ್ಜಿ ನನ್ನ ಪಾರ್ಸೆಲ್‌ಗಳನ್ನು ತೆಗೆದಿಟ್ಟುಕೊಳ್ಳುತ್ತಾರೆ. ಆದರೆ ಪಾರ್ಸೆಲ್ ಇಟ್ಟುಕೊಳ್ಳುವುದು ಬೇರೆ, ನನ್ನನ್ನು ಇಟ್ಟುಕೊಳ್ಳುವುದು ಬೇರೆ. ಕೇಳಿದ್ದರೆ ಯಾರಾದರೂ ಬರುತ್ತಿದ್ದರೇನೋ. ಕೇಳುವ ಅಭ್ಯಾಸ ತಪ್ಪಿಹೋಗಿತ್ತು. ಕೊನೆಗೆ 'ಶಾರದಾ, ಅಕ್ಕ' ಎಂದು ಬರೆದು, ಮುಂದೆ ನನ್ನದೇ ಮನೆಯ ಫೋನ್ ನಂಬರನ್ನು ತುಂಬಿಸಿದೆ. ವೈದ್ಯರ ಅರ್ಹತೆಯನ್ನು ಎರಡೆರಡು ಸಲ ತಾಳೆ ನೋಡಿದವಳು ಬರೆದ ಸುಳ್ಳನ್ನು ಯಾರೂ ತಾಳೆ ನೋಡಲಿಲ್ಲ.

ಆ ದಿನ ಮಾತ್ರೆ ನುಂಗಿದೆ; ಕಿವಿಯ ಹೊಲಿಗೆ ಚೆನ್ನಾಗಿಯೇ ಆಯಿತು. ಟ್ಯಾಕ್ಸಿಯವನು ದಾರಿ ತಪ್ಪಲಿಲ್ಲ. ಲೆಕ್ಕ ತಪ್ಪಿದ್ದು ಒಂದೇ ಒಂದು: ಸಂಜೆ ಐದಕ್ಕೆ ಕ್ಲಿನಿಕ್ಕಿನವರು ನಿಜಕ್ಕೂ ಆ ನಂಬರಿಗೆ ಫೋನ್ ಮಾಡಿದರು.

"ಶಾರದಾ ಅವರಾ? ನಿಮ್ಮ ತಂಗಿ ಹೇಗಿದ್ದಾರೆ?" ಸಹಾಯಕಿಯ ಧ್ವನಿ.

ರಿಸೀವರನ್ನು ಬ್ಯಾಂಡೇಜಿಗೆ ತಾಗದಂತೆ ದೂರ ಹಿಡಿದು, ದನಿ ಆದಷ್ಟು ದಪ್ಪ ಮಾಡಿಕೊಂಡು, "ಚೆನ್ನಾಗಿದ್ದಾಳೆ. ಮಲಗಿದ್ದಾಳೆ" ಎಂದೆ.

"ಪಾಪ, ತುಂಬಾ ಹೆದರಿಕೊಳ್ಳುತ್ತಾರೆ, ಅಲ್ವಾ?"

"ಚಿಕ್ಕಂದಿನಿಂದಲೂ ಹಾಗೇ."

"ಇವತ್ತು ಮಾತ್ರ ಒಬ್ಬರನ್ನೇ ಬಿಡಬೇಡಿ."

"ಇಲ್ಲ ಇಲ್ಲ" ಎಂದೆ. "ನಾನಿದ್ದೀನಲ್ಲ."