ಆಡಿನ ಪಾಲಾದ ಬುತ್ತಿ

ನಾನು ಬೆಳಿಗ್ಗೆ ತಟ್ಟಿದ ಜೋಳದ ರೊಟ್ಟಿಯನ್ನು ಬನಹಟ್ಟಿಯ ಚಹಾದ ಹೋಟೆಲಿನ ಮುಂದೆ ಒಂದು ಆಡು ತಿನ್ನುತ್ತಿತ್ತು. ಪಕ್ಕದಲ್ಲಿ ಬಿದ್ದಿದ್ದ ಪುಂಡಿಪಲ್ಯವೂ ನನ್ನದೇ. ಮಗ್ಗದಲ್ಲಿ ಸೀರೆ ನೇಯುವ ನನ್ನ ಇಬ್ಬರು ಮಕ್ಕಳಿಗೆ ದಿನಾ ಕಟ್ಟಿಕೊಡುವ ಬುತ್ತಿ ಅದು.

“ನಿಮ್ಮ ರೊಟ್ಟಿ ತಿಂದು ನಮ್ಮ ಆಡು ಹಾಲು ಜಾಸ್ತಿ ಕೊಡಾಕತ್ತೈತಿ ನೋಡ್ರಿ, ಆಯಿ,” ಎಂದ ಹೋಟೆಲಿನವನು.

ಹಿರಿಯ ಮಗ ಅಲ್ಲೇ ಕುಳಿತು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದ. ಮುಂಜಾನೆಯಿಂದ ಅದು ಐದನೆಯದೋ ಆರನೆಯದೋ. ಹೊಟ್ಟೆಗೆ ಬೇರೇನೂ ಬಿದ್ದಿರಲಿಲ್ಲ.

“ಚಹಾ ಬಿಟ್ಟು ರೊಟ್ಟಿ ತಿನ್ನಲೇ. ಕರಳು ಸುಟ್ಟು ಹೋದಾವು,” ಎಂದೆ.

“ಈ ಚಹಾಕ್ಕ ಅದರ ಹಾಲ ಹಾಕ್ಯಾರ, ಬೇ. ನಿನ್ನ ರೊಟ್ಟಿ ಹೆಂಗರ ಮಾಡಿ ನನ್ನ ಹೊಟ್ಟಿಗೆ ಬಂತಲ್ಲ!”

ಕುಳಿತವರೆಲ್ಲ ನಕ್ಕರು. ಅವನ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಚಿಕ್ಕ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಸಿಟ್ಟಿನಲ್ಲಿದ್ದ ನನಗೂ ನಗು ಬಂತು. ಅಂದು ನಾನು ನಗಬಾರದಿತ್ತು.

ವರ್ಷ ತುಂಬುವುದರೊಳಗೆ ಹಿರಿಯವನಿಗೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ತಾನಾಗಿ ಮೇಲೇಳಲು ಆಗದಾಯಿತು. ತಮ್ಮನೇ ರಟ್ಟೆ ಹಿಡಿದು ಎತ್ತಿದ. ಚಕ್ಕಡಿ ಕಟ್ಟಿ ಜಮಖಂಡಿಯ ಸಂಸ್ಥಾನದ ದವಾಖಾನೆಗೆ ಒಯ್ದೆವು. ಹೊಟ್ಟೆಯೊಳಗೆಲ್ಲ ಹುಣ್ಣಾಗಿದೆ, ಬಹಳ ತಡ ಮಾಡಿದಿರಿ ಎಂದರು ಡಾಕ್ಟರು.

ಈಗ ಅವನೇ ರೊಟ್ಟಿ ಬೇಡುತ್ತಾನೆ. ಹಾಲಿನಲ್ಲಿ ನೆನೆಸಿ ಕೊಟ್ಟರೂ ಒಂದು ತುತ್ತು ನಿಲ್ಲುವುದಿಲ್ಲ, ರಕ್ತದ ಜೊತೆ ಹೊರಗೆ ಬರುತ್ತದೆ. ಚಿಕ್ಕವನು ಅದನ್ನೆಲ್ಲ ಬಳಿದು ಸ್ವಚ್ಛ ಮಾಡುತ್ತಾನೆ, ಕೈ ತೊಳೆದುಕೊಳ್ಳುತ್ತಾನೆ, ಚಹಾ ಕುಡಿಯಲು ಹೋಗುತ್ತಾನೆ.