ಅಂಬರನಾಥದ ಹಳ್ಳದಾಗ ಹಳದಿ ತಲಿ

ನನ್ನ ಮೊಮ್ಮಗಳು ನನ್ನ ಕೂಡ ಹಕ್ಕಿ ನೋಡಲು ಬಂದಳು! ಬಂದಳಷ್ಟೇ ಅಲ್ಲ, ನನಗೆ ಗೊತ್ತಿಲ್ಲದ್ದನ್ನು ತೋರಿಸಿಕೊಟ್ಟಳು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಆದರೂ ಇದನ್ನು ಬರೆಯದೆ ಇರಲಾರೆ.

ವಿಜಾಪುರ ಬಿಟ್ಟು ಡೊಂಬಿವಲಿಗೆ ಬಂದ ಮೇಲೆ ನನಗೆ ಮಾತಿಗೆ ಯಾರೂ ಇರಲಿಲ್ಲ. ಮಗ ಎಂಐಡಿಸಿ ಕಾರ್ಖಾನೆಯ ಪಾಳಿಗೆ, ಸೊಸೆ ನೌಕರಿಗೆ. ಮೊಮ್ಮಗಳು ಪಲ್ಲವಿ, ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಒಂದು ಮಾತು ಒಗೆದು ಓಡುವಳು. ಅದಕ್ಕೇ ಮಳೆಗಾಲದ ಸೋಮವಾರ ಒಬ್ಬಳೇ ಅಂಬರನಾಥದ ಶಿವನ ಗುಡಿಗೆ ಹೋಗಿ, ಹಳ್ಳದ ಜೊಂಡಿನಲ್ಲಿ ಗೂಡು ನೇಯುವ ಗೀಜಗಗಳ ಹಳದಿ ತಲೆ ನೋಡುತ್ತ ಕೂಡುತ್ತಿದ್ದೆ. ಮಳೆ ಹೋದರೆ ಅವೂ ಮಾಯ. ನಮ್ಮ ಗಾರೆ ಕೆಲಸದ ಮಂದಿ ಬಿತ್ತನೆಗೆ ಊರಿಗೆ ಹೋಗುವ ಹಾಗೆ ಇವೂ ತಮ್ಮ ಊರಿಗೆ ಹೋಗುತ್ತವೆಂದು ತಿಳಿದಿದ್ದೆ. ಚಳಿ, ಬೇಸಿಗೆ ಎಲ್ಲ ಖಾಲಿ ಖಾಲಿ. ಬಾಲ್ಕನಿಗೆ ಜೋಳದ ತೆನೆ ಕಟ್ಟಿ, ಬಂದ ಗುಬ್ಬಿಗಳನ್ನೇ ಮಾತಾಡಿಸುತ್ತಿದ್ದೆ.

ಈ ಸೋಮವಾರ ಶಾಲೆಗೆ ಸೂಟಿ. "ಮೈ ಭೀ ಆಊಂ?" ಎಂದು ತಾನೂ ಬರಲು ಕೇಳಿದಳು ಪಲ್ಲವಿ. ಲೋಕಲ್ ರೈಲಿಗೆ ನನ್ನದು ಪೂರಾ ಟಿಕೆಟು, ಅವಳದು ಅರ್ಧ. ವಿಠ್ಠಲವಾಡಿಯಲ್ಲಿ ಮಳೆ ಡಬ್ಬಿಯೊಳಗೇ ಹೊಡೆಯಿತು. ಒಂದೇ ಸೆರಗಿನಲ್ಲಿ ಇಬ್ಬರೂ ತಲೆ ಮುಚ್ಚಿಕೊಂಡೆವು. ಅಂಬರನಾಥದಲ್ಲಿಳಿದು, ಬಿಸಿ ವಡಾಪಾವ್ ತಿಂದು, ಕೆಸರಿನಲ್ಲಿ ಗುಡಿಯ ತನಕ ನಡೆದೆವು.

ಹಳ್ಳದ ಮೇಲೆ ಗೂಡು ತೂಗುತ್ತಿದ್ದವು. ಹಳದಿ ಗಂಡೊಂದು ರೆಕ್ಕೆ ಬಡಿದು ಕರೆಯಿತು. ಕಂದು ಹೆಣ್ಣು ಬಂದು, ಅರ್ಧ ಗೂಡಿನೊಳಗೆ ಇಣುಕಿ, ಹಾರಿಹೋಯಿತು.

"ಪಾಪ, ಮನಿ ಪಸಂದ ಬೀಳಲಿಲ್ಲ" ಎಂದೆ.

ಪಲ್ಲವಿ ಇನ್ನೊಂದು ಗಂಡಿನತ್ತ ಬೆರಳು ಮಾಡಿದಳು. ಅದರ ತಲೆ ಅರ್ಧ ಹಳದಿ, ಅರ್ಧ ಕಂದು. "ದೇಖೋ, ಅಪನಾ ಬಾಲ್ಕನಿವಾಲಾ!"

"ಹುಚ್ಚಿ, ನಮ್ಮ ಬಾಲ್ಕನಿಗೆ ಬರೂದು ಗುಬ್ಬಿ."

ಆಕೆ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು: "ಗುಬ್ಬಿ ಅಲ್ಲ ಅಜ್ಜಿ. ಇವು ಎಲ್ಲೂ ಹೋಗಿಲ್ಲ. ಬರೇ ಬಣ್ಣ ಹೋಗಿತ್ತು."

"ನಿನಗ ಹ್ಯಾಂಗ ಗೊತ್ತು?"

"ಅದರ ತಲಿ ಸ್ವಲ್ಪ ಸ್ವಲ್ಪ ಹಳದಿ ಆಗೋದು ನೋಡ್ದೆ. ನೀ ಅದರ ಕೂಡ ಮಾತಾಡ್ತಿದ್ದಿ. ನಾ ಒಳಗಿಂದ ರೋಜ್ ಕೇಳ್ತಿದ್ದೆ."

ನನಗೆ ಹಳ್ಳ, ಗೂಡು ಎಲ್ಲ ಮಂಜುಮಂಜಾಯಿತು. ಮಳೆಯೆಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಸಂಜೆ, ಪಾಳಿ ಪ್ರಕಾರ ಉಣ್ಣುವ ನಮ್ಮ ಮನೆಯಲ್ಲಿ ನಾಲ್ವರೂ ಒಟ್ಟಿಗೆ ಕೂತೆವು. ರೊಟ್ಟಿ, ಝುಣಕ. ನನ್ನ ಬಾಯಿ ನಿಲ್ಲಲೇ ಇಲ್ಲ. ಎಲ್ಲ ಕೇಳಿ ಸೊಸೆ, "ಹಂಗಾರ ಇಷ್ಟ ದಿನ ಗುಬ್ಬಿ ಅಂತ ಯಾರಿಗೆ ಉಣಿಸಿದ್ರಿ ಅತ್ತಿ?" ಎಂದು ನಕ್ಕಳು.

"ನಮ್ಮವರಿಗೇ" ಎಂದು ಪಲ್ಲವಿ ನನಗಿಂತ ಮೊದಲೇ ಹೇಳಿ, ನನ್ನ ತಾಟಿನ ರೊಟ್ಟಿ ಮುರಿದುಕೊಂಡಳು.