ಕ್ಯಾಂಪಿನ ದಾರಿ ಗೊತ್ತಿದ್ದವಳು

ಇವತ್ತು ಬೆಳಿಗ್ಗೆ ಚಹಾ ಸೋಸುವಾಗ ಕೈಗೆ ಸಿಕ್ಕಿದ್ದು ಆ ಹಳೆಯ ಸ್ಟೀಲ್ ಲೋಟ. ಅಂಚು ನೆಗ್ಗಿದೆ. ಆದರೆ ‘ಚರ್ಚಾ ಸ್ಪರ್ಧೆ, ಲಿಂಗಸುಗೂರು, ದ್ವಿತೀಯ’ ಎಂಬ ಅಕ್ಷರಗಳೂ ಅದರ ಕೆಳಗೆ ನಾನೇ ಆಮೇಲೆ ಕೊರೆಸಿಕೊಂಡ ನನ್ನ ಹೆಸರೂ ಓದಲು ಬರುತ್ತವೆ. ನಗಬೇಡಿ, ಜೀವಮಾನದಲ್ಲಿ ನನಗೆ ಬಂದ ಬಹುಮಾನ ಇದೊಂದೇ.

ತೊಂಬತ್ತರ ದಶಕದ ಮಾತು, ನಾನಾಗ ಕಾಲೇಜಿನಲ್ಲಿದ್ದೆ. ಅಣುಬಾಂಬ್ ಮಾಡುವುದಿಲ್ಲವೆಂದು ಬರೆದುಕೊಡಿ ಎಂದು ದೊಡ್ಡ ದೇಶಗಳು ನಮ್ಮ ದೇಶದ ಬೆನ್ನುಬಿದ್ದಿದ್ದವು. ಹಿಂದೆ ಒಮ್ಮೆ ಸಿಡಿಸಿ ತೋರಿಸಿದ್ದ ದೇಶ ಆಮೇಲೆ ಸುಮ್ಮನಿತ್ತು, ಬರೆದು ಮಾತ್ರ ಕೊಡುತ್ತಿರಲಿಲ್ಲ. ಯಾಕೆ ಹೀಗೆ ಎಂಬುದೇ ಚರ್ಚೆಯ ವಿಷಯ. ಬಳಗಾನೂರಿನಿಂದ ಹೋಗುವವಳು ನಾನೊಬ್ಬಳೇ. ನಾಲ್ಕು ದಿನ ಪತ್ರಿಕೆ ಓದಿ ತಲೆ ಕೆಟ್ಟಿತೇ ಹೊರತು ಹೇಳಲು ಒಂದು ಮಾತೂ ಹೊಳೆಯಲಿಲ್ಲ.

ಅವ್ವ ಭತ್ತದ ನಾಟಿ ಮಾಡುವ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಕಾಲಿನ ಕೆಸರು ತೊಳೆಯುತ್ತ ನನ್ನ ಗೋಳು ಕೇಳಿದಳು.

“ಇದಕ್ಯಾಕ ತಲಿ ಕೆಡಿಸ್ಕೊಳ್ಳಾಕತ್ತಿ? ಸಾಹುಕಾರ ಉಣ್ಣಾಕ ಕುಂತವರನ್ನ ಎಬ್ಬಸತಿದ್ದನಲ್ಲ, ಆಗ ನಾವೇನು ಮಾಡಿದ್ವಿ?”

ನನಗೆ ನೆನಪಿತ್ತು. ನಾಟಿಯ ಭರದಲ್ಲಿ ಒಂದು ದಿನ ಅವ್ವ ಹೇಳದೆ ಕೇಳದೆ ಇಡೀ ಗುಂಪನ್ನು ಕಟ್ಟಿಕೊಂಡು, ಆಂಧ್ರದಿಂದ ಬಂದ ರೈತರ ಕ್ಯಾಂಪಿಗೆ ನಾಟಿ ಮಾಡಲು ನಡೆದುಬಿಟ್ಟಿದ್ದಳು. ಮರುದಿನ ಏನೂ ಆಗದವರಂತೆ ಎಲ್ಲರೂ ಸಾಹುಕಾರನ ಗದ್ದೆಗೇ ಇಳಿದಿದ್ದರು. ಅಂದಿನಿಂದ ಊಟದ ಹೊತ್ತಿನಲ್ಲಿ ಅವನು ದನಿ ಎತ್ತಿರಲಿಲ್ಲ.

“ಮತ್ತ ಯಾವತ್ತೂ ಹೋಗಿಲ್ಲ. ದಾರಿ ಗೊತ್ತೈತಿ ಅಂತ ಅವಗ ಗೊತ್ತಾದ್ರ ಸಾಕು. ಇನ್ನ ಮ್ಯಾಲೆ ಹೋಗಂಗಿಲ್ಲಂತ ಹೆಬ್ಬೆಟ್ಟು ಒತ್ತು ಅಂದ್ರ ನಾ ಒತ್ತಲೇನು?”

“ಅವನೂ ಬ್ಯಾರೆ ಊರಿನ ಆಳು ಗೊತ್ತು ಮಾಡಿಟ್ಟರ?”

“ಇಟ್ಟಾನಲ್ಲ, ಮಸ್ಕಿ ಕಡೆಯವರನ್ನ. ಅದಕ್ಕ ಈಗ ಇಬ್ರೂ ಮೆಲ್ಲಕ ಮಾತಾಡ್ತೀವಿ. ಅಂಜಿಕಿ ನನಗೂ ಐತಿ.”

ಸ್ಪರ್ಧೆಯ ದಿನ ಅಂಜಿಕೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ದೇಶಗಳ ಮೇಲಿಟ್ಟು ಹೇಳಿದೆ. ಚಪ್ಪಾಳೆ ಬಿತ್ತು. ತೀರ್ಪುಗಾರರು ಕನ್ನಡಕ ಇಳಿಸಿ, “ಈ ವಿಚಾರ ಎಲ್ಲಿ ಓದಿದೆಯಮ್ಮ?” ಎಂದು ಕೇಳಿದರು. ಅವ್ವ ಒಂದು ದಿನದ ಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

“ಪೇಪರಿನಲ್ಲಿ ಸರ್,” ಎಂದೆ. ಕೂಲಿಯವಳ ಮಗಳೆಂದು ಆ ಸಭೆಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬಸ್ಸು ಮಸ್ಕಿ ದಾಟುವವರೆಗೂ ಅವ್ವ ಲೋಟವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಆಮೇಲೆ ಕೇಳಿದಳು: “ನನ್ನ ಮಾತು ಪೇಪರಿನಾಗೂ ಬಂದಿತ್ತೇನು?”

ನಾನು ಕಿಟಕಿ ಕಡೆ ತಿರುಗಿದೆ.

“ಬರಲಿ ಬಿಡು. ನಾಕು ಮಂದಿಗೆ ಗೊತ್ತಾಗಲಿ.” ನಿಜಕ್ಕೂ ನಂಬಿದಳೋ, ನನ್ನ ಮಾನ ಉಳಿಸಿದಳೋ ತಿಳಿಯದು.

ಕೆಲವು ವರ್ಷಗಳಲ್ಲಿ ದೇಶ ಬಾಂಬ್ ಸಿಡಿಸಿಯೇಬಿಟ್ಟಿತು. ಊರಲ್ಲಿ ಸಕ್ಕರೆ ಹಂಚಿದರು. ಅವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು, “ಛಲೋ ಆತು. ಆದ್ರ ಅವರೂ ಮಾಡ್ತಾರ ನೋಡು. ಇನ್ನ ಮೆಲ್ಲಕ ಮಾತಾಡಬೇಕು,” ಎಂದಳು. ತಿಂಗಳೊಳಗೆ ನೆರೆಯವರೂ ಮಾಡಿದರು. ಆ ತಿಂಗಳು ಎಷ್ಟೋ ಪಂಡಿತರ ಲೇಖನ ಓದಿದೆ, ನಮ್ಮವ್ವನಿಗಿಂತ ಮುಂದೆ ಹೋದವರು ಯಾರೂ ಕಾಣಲಿಲ್ಲ.

ಚಹಾ ಮುಗಿಸಿ, ಲೋಟ ತೊಳೆದು, ಸಿಂಧನೂರಿನ ಪಾತ್ರೆ ಅಂಗಡಿಗೆ ಹೋದೆ. ನನ್ನ ಹೆಸರಿಗಿಂತ ಮೇಲುಗಡೆ ‘ಹುಲಿಗೆಮ್ಮ’ ಎಂದು ಕೊರೆಯಲು ಹೇಳಿದೆ. ಅಂಗಡಿಯವನು ಲೋಟ ತಿರುಗಿಸಿ ನೋಡಿ, “ಚರ್ಚೆದಾಗ ಗೆದ್ದವರು ಇವರೇನ್ರೀ? ಏನು ಓದ್ಯಾರ?” ಎಂದ.

“ಓದಿಲ್ಲ. ನೆಲ್ಲು ಹಚ್ಚಾಕ ಹೋಗತಿದ್ದಳು. ನಮ್ಮವ್ವ,” ಎಂದೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ.